ತಾಬಾದ ತೊಂಬತ್ತೊಂದನೇ ಕಲ್ಲು

ಅಕಾಬಾ ಕೊಲ್ಲಿಯ ತುದಿಯಲ್ಲಿರುವ ಇಸ್ರೇಲಿನ ಐಲಾತ್ ಬಂದರಿನಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಸಿನಾಯ್ ಬೆಟ್ಟಸಾಲು ಕಡಲಿಗೆ ಇಳಿಯುವಲ್ಲಿ ತಾಬಾ ಎಂಬ ಜಾಗವಿದೆ. ಒಂದು ಒಣ ಕಣಿವೆಯ ಬಾಯಿ, ಒಂದಿಷ್ಟು ಮರಳ ದಂಡೆ, ಒಂದು ಬಾವಿ, ತಾಳೆ ಜಾತಿಯ ಕೆಲವು ಮರಗಳು, ಇಷ್ಟೇ ಅಲ್ಲಿದ್ದುದು. ಈಜಿಪ್ಟ್ ಮತ್ತು ಇಸ್ರೇಲ್ ನಡುವೆ ವಿವಾದಕ್ಕೆ ಸಿಲುಕಿದ್ದ ನೆಲ ಸುಮಾರು ಒಂದು ಚದರ ಕಿಲೋಮೀಟರ್. ಅದಕ್ಕೆ ಮೊದಲು ಇದೇ ಎರಡು ದೇಶಗಳು ಸುಮಾರು 60,000 ಚದರ ಕಿಲೋಮೀಟರ್ ವಿಸ್ತಾರದ ಇಡೀ ಸಿನಾಯ್ ಪರ್ಯಾಯ ದ್ವೀಪದ ಪ್ರಶ್ನೆಯನ್ನು ಮಾತುಕತೆಯ ಮೂಲಕವೇ ಬಗೆಹರಿಸಿಕೊಂಡಿದ್ದವು. ಹಾಗಿದ್ದೂ ಉಳಿದ ಈ ತುಂಡು ಭೂಮಿ ಇತ್ಯರ್ಥವಾಗಲು 1982ರಿಂದ 1989ರವರೆಗೆ ಏಳು ವರ್ಷ ಹಿಡಿಯಿತು.

ಅರಬ್–ಇಸ್ರೇಲ್ ಶಾಂತಿಯತ್ನಗಳ ಚರ್ಚೆಯಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ 1978ರಲ್ಲಿ ನಡೆದ ಮಾತುಕತೆಯ ಹದಿಮೂರು ದಿನಗಳಿಗೆ, ಈಜಿಪ್ಟಿನ ಅಧ್ಯಕ್ಷ ಸಾದತ್ ಮತ್ತು ಇಸ್ರೇಲಿನ ಪ್ರಧಾನಿ ಬೆಗಿನ್ ಕೈಕುಲುಕಿದ ಚಿತ್ರಕ್ಕೆ ಸಿಗುವ ಸ್ಥಾನ ತಾಬಾಕ್ಕೆ ಸಿಗುವುದಿಲ್ಲ. ಒಪ್ಪಂದಕ್ಕೆ ಸಹಿ ಬೀಳುವುದು ಒಂದು ಕೆಲಸವಾದರೆ, ಸಹಿ ಬಿದ್ದ ಮೇಲೆ ನೆಲದ ಮೇಲೆ ಅದನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಈ ಎರಡನೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ಆ ಪ್ರದೇಶದ ಇತಿಹಾಸದಲ್ಲಿ ನನಗೆ ಕಂಡಿಲ್ಲ. ಎಂಬತ್ತರ ದಶಕದ ಕಠಿಣ ವರ್ಷಗಳಲ್ಲಿ ಈಜಿಪ್ಟ್–ಇಸ್ರೇಲ್ ಶಾಂತಿ ಮುರಿದು ಬೀಳದೆ ಉಳಿದುದರಲ್ಲಿ, ತಾಬಾದ ಪ್ರಶ್ನೆಯನ್ನು ರೂಪಿಸಿದ ರೀತಿಗೂ ಒಂದು ಪಾಲಿದೆ ಎಂಬುದು ಈ ಅಧ್ಯಯನದ ಹಿಂದಿರುವ ನನ್ನ ನಂಬಿಕೆ.

ಗಡಿ ಹುಟ್ಟಿದ ಬಗೆ

1906ರಲ್ಲಿ ಈಜಿಪ್ಟ್ ಹೆಸರಿಗೆ ಒಟ್ಟೋಮನ್ ಸುಲ್ತಾನನ ಅಧೀನದಲ್ಲಿದ್ದರೂ ಅದರ ಆಡಳಿತ ಬ್ರಿಟಿಷರ ಕೈಯಲ್ಲಿತ್ತು. ಆ ವರ್ಷದ ಆರಂಭದಲ್ಲಿ ತುರ್ಕಿ ಸೈನಿಕರು ತಾಬಾದಲ್ಲಿ ಬೀಡುಬಿಟ್ಟಾಗ ಬ್ರಿಟನ್ ಯುದ್ಧನೌಕೆಯನ್ನು ಕಳುಹಿಸಿತು, ಮೇ ತಿಂಗಳಲ್ಲಿ ಅಂತಿಮ ಎಚ್ಚರಿಕೆ ನೀಡಿತು, ತುರ್ಕರು ಹಿಂದೆ ಸರಿದರು. ಅಕ್ಟೋಬರ್ 1ರಂದು ಎರಡೂ ಕಡೆಯ ಅಧಿಕಾರಿಗಳು ರಫಾದಲ್ಲಿ ಸಹಿ ಹಾಕಿದ ಒಪ್ಪಂದವು ಮೆಡಿಟರೇನಿಯನ್ ದಂಡೆಯಿಂದ ಅಕಾಬಾ ಕೊಲ್ಲಿಯವರೆಗೆ ಒಂದು ಗೆರೆಯನ್ನು ವಿವರಿಸಿತು. ಸುಲ್ತಾನನ ಸಾರ್ವಭೌಮತ್ವಕ್ಕೆ ಧಕ್ಕೆ ಬಾರದಿರಲೆಂದು ಅದನ್ನು ಗಡಿ ಎನ್ನದೆ ಆಡಳಿತಾತ್ಮಕ ವಿಭಜನಾ ರೇಖೆ ಎಂದು ಕರೆದರು. ಮೊದಲಿಗೆ ಗುರುತಾಗಿ ತಂತಿ ಕಂಬಗಳನ್ನು ನೆಟ್ಟು, ಆ ವರ್ಷದ ಕೊನೆಯಿಂದ 1907ರ ಆರಂಭದವರೆಗೆ ಅವುಗಳ ಬದಲು ಕಲ್ಲುಗಾರೆಯ ಬಾಂದುಕಲ್ಲುಗಳನ್ನು ಕಟ್ಟಲಾಯಿತು.

ರಫಾದಿಂದ ಎಣಿಸುತ್ತಾ ಬಂದರೆ ಕೊನೆಯ ಕಲ್ಲು ತೊಂಬತ್ತೊಂದನೆಯದು. ರಾಸ್ ತಾಬಾ ಎಂಬ ಕಡಲತಡಿಯ ಗುಡ್ಡದಂಚಿನಲ್ಲಿ ನಿಂತಿದ್ದ ಆ ಕಲ್ಲಿಗೆ, ಅದನ್ನು ಕಟ್ಟಿಸಿದ ಬ್ರಿಟಿಷ್ ಅಧಿಕಾರಿ ಪಾರ್ಕರನ ಹೆಸರು ಅಂಟಿಕೊಂಡಿತು. ಒಟ್ಟೋಮನ್ ಸಾಮ್ರಾಜ್ಯ ಅಳಿದ ಮೇಲೆ ಅದೇ ಗೆರೆ ಈಜಿಪ್ಟ್ ಮತ್ತು ಬ್ರಿಟಿಷ್ ಆಡಳಿತದ ಪ್ಯಾಲೆಸ್ಟೀನ್ ನಡುವಿನ ಅಂತರರಾಷ್ಟ್ರೀಯ ಗಡಿಯಾಯಿತು. 1956ರ ಸೂಯೆಜ್ ಯುದ್ಧದ ನಂತರ, ಭಾರತೀಯ ತುಕಡಿಯೂ ಸೇರಿದ್ದ ವಿಶ್ವಸಂಸ್ಥೆಯ ತುರ್ತು ಪಡೆ 1967ರವರೆಗೆ ಗಾಜಾ ಮತ್ತು ಸಿನಾಯ್ ಅಂಚಿನಲ್ಲಿ ಕಾವಲು ನಿಂತಿತ್ತು. 1967ರ ಜೂನ್‌ನಲ್ಲಿ ಇಸ್ರೇಲ್ ಸಿನಾಯ್ ಅನ್ನು ಪೂರ್ತಿಯಾಗಿ ವಶಪಡಿಸಿಕೊಂಡ ಮೇಲೆ ಗಡಿಕಲ್ಲುಗಳಿಗೆ ಅರ್ಥವೇ ಇಲ್ಲದಾಯಿತು. ಐಲಾತ್‌ನಿಂದ ದಕ್ಷಿಣಕ್ಕೆ ರಸ್ತೆ ಮಾಡುವಾಗ ಗುಡ್ಡದಂಚನ್ನು ಕಡಿಯಲಾಯಿತು, ಅದರ ಜೊತೆಗೆ ಪಾರ್ಕರನ ಕಲ್ಲೂ ಹೋಯಿತು. ಮುಂದೆ ಎರಡು ಸರ್ಕಾರಗಳು ವರ್ಷಗಟ್ಟಲೆ ವಾದಿಸಿದ್ದು ಕಣ್ಣೆದುರು ಇಲ್ಲದ ಒಂದು ಕಲ್ಲಿನ ಬಗ್ಗೆ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ವಿವಾದ

1979ರ ಮಾರ್ಚ್ 26ರಂದು ವಾಷಿಂಗ್ಟನ್‌ನಲ್ಲಿ ಸಹಿಯಾದ ಶಾಂತಿ ಒಪ್ಪಂದದ ಎರಡನೆಯ ವಿಧಿ, ಈಜಿಪ್ಟ್ ಮತ್ತು ಹಿಂದಿನ ಮ್ಯಾಂಡೇಟ್ ಪ್ಯಾಲೆಸ್ಟೀನ್ (ಅಂದರೆ ಬ್ರಿಟಿಷ್ ಆಡಳಿತಕ್ಕೆ ಒಪ್ಪಿಸಲಾಗಿದ್ದ ಪ್ಯಾಲೆಸ್ಟೀನ್) ನಡುವಿನ ಮಾನ್ಯತೆ ಪಡೆದ ಗಡಿಯೇ ಎರಡು ದೇಶಗಳ ಶಾಶ್ವತ ಗಡಿ ಎಂದು ಹೇಳಿತು. ಏಳನೆಯ ವಿಧಿಯ ಪ್ರಕಾರ, ಒಪ್ಪಂದದ ಅರ್ಥ ಅಥವಾ ಜಾರಿಯ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ಮೊದಲು ಮಾತುಕತೆ ನಡೆಯಬೇಕು. ಅದು ಫಲಿಸದಿದ್ದರೆ ಸಂಧಾನಕ್ಕೋ ಮಧ್ಯಸ್ಥಿಕೆ ನ್ಯಾಯಮಂಡಳಿಗೋ ಹೋಗಬೇಕು. ಸಹಿ ಹಾಕಿದ ದಿನ ಈ ಏಳನೆಯ ವಿಧಿಯನ್ನು ಹೆಚ್ಚು ಜನ ಗಮನಿಸಿರಲಾರರು. ನನ್ನ ದೃಷ್ಟಿಯಲ್ಲಿ ಆ ಇಡೀ ದಸ್ತಾವೇಜಿನ ಅತ್ಯಂತ ದೂರದೃಷ್ಟಿಯ ಸಾಲುಗಳು ಅವೇ.

ಸಿನಾಯ್‌ನಿಂದ ಇಸ್ರೇಲಿನ ಅಂತಿಮ ಹಿಂತೆಗೆತಕ್ಕೆ 1982ರ ಏಪ್ರಿಲ್ 25 ನಿಗದಿಯಾಗಿತ್ತು. ಗಡಿಯನ್ನು ಮತ್ತೆ ಹದ್ದುಬಸ್ತು ಮಾಡಲು ಹೊರಟ ಜಂಟಿ ಸಮಿತಿಗೆ ಹದಿನಾಲ್ಕು ಕಲ್ಲುಗಳ ಜಾಗದ ಬಗ್ಗೆ ಒಮ್ಮತ ಬರಲಿಲ್ಲ. ಹೆಚ್ಚಿನವು ಮರುಭೂಮಿಯ ನಡುವೆ ಅತ್ತಿತ್ತ ಸ್ವಲ್ಪ ದೂರ ಸರಿಯುವ ಪ್ರಶ್ನೆಗಳು, ಅವುಗಳಿಗಾಗಿ ಯಾರೂ ಬೀದಿಗಿಳಿಯುತ್ತಿರಲಿಲ್ಲ. ತೊಂಬತ್ತೊಂದನೆಯದರ ಕಥೆ ಬೇರೆ, ಏಕೆಂದರೆ ಅಲ್ಲಿ ಇಸ್ರೇಲಿ ಉದ್ಯಮಿಗಳ ಒಂದು ದೊಡ್ಡ ಹೋಟೆಲ್ ಏಳುತ್ತಿತ್ತು, ಪಕ್ಕದಲ್ಲೇ ಒಂದು ವಿಹಾರಧಾಮವಿತ್ತು. ಹಿಂತೆಗೆತ ನಿಲ್ಲಬಾರದೆಂದು ಎರಡೂ ದೇಶಗಳು ಏಪ್ರಿಲ್ 25ರಂದೇ ಇನ್ನೊಂದು ಒಪ್ಪಂದ ಮಾಡಿಕೊಂಡವು. ವಿವಾದ ಇತ್ಯರ್ಥವಾಗುವವರೆಗೆ ತಕರಾರಿನ ಜಾಗಗಳಲ್ಲಿ ಬಹುರಾಷ್ಟ್ರೀಯ ಪಡೆ ಭದ್ರತೆ ನೋಡಿಕೊಳ್ಳಬೇಕು, ಹೊಸ ನಿರ್ಮಾಣ ಆರಂಭಿಸಬಾರದು ಎಂಬುದು ಅದರ ತಿರುಳು. ಹೋಟೆಲ್ ಮಾತ್ರ ಆ ವರ್ಷದ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಸಾದತ್ ಹತ್ಯೆಯಾಗಿ ಒಂದು ವರ್ಷವಷ್ಟೇ ಕಳೆದಿದ್ದ ಈಜಿಪ್ಟಿನಲ್ಲಿ, ಶಾಂತಿ ಒಪ್ಪಂದವನ್ನು ಮೊದಲಿನಿಂದಲೂ ವಿರೋಧಿಸುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಆ ನಡುವೆ 1982ರ ಜೂನ್‌ನಲ್ಲಿ ಇಸ್ರೇಲ್ ಲೆಬನಾನ್ ಮೇಲೆ ದಂಡೆತ್ತಿ ಹೋಗಿತ್ತು. ಸೆಪ್ಟೆಂಬರ್‌ನಲ್ಲಿ ಬೈರೂತ್‌ನ ಸಬ್ರಾ ಮತ್ತು ಶತೀಲಾ ಎಂಬ ಪ್ಯಾಲೆಸ್ಟೀನಿ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ನಂತರ ಈಜಿಪ್ಟ್ ತನ್ನ ರಾಯಭಾರಿಯನ್ನು ಟೆಲ್ ಅವೀವ್‌ನಿಂದ ಹಿಂದಕ್ಕೆ ಕರೆಸಿಕೊಂಡಿತು. ಅವರು ಮರಳಬೇಕಾದರೆ ಲೆಬನಾನ್‌ನಿಂದ ಇಸ್ರೇಲ್ ಹಿಂದೆ ಸರಿಯಬೇಕು, ಪ್ಯಾಲೆಸ್ಟೀನಿಯರ ಪ್ರಶ್ನೆಯಲ್ಲಿ ಪ್ರಗತಿ ಕಾಣಬೇಕು, ತಾಬಾ ಇತ್ಯರ್ಥವಾಗಬೇಕು ಎಂಬವು ಕೈರೋದ ಷರತ್ತುಗಳಾದವು. ಹೀಗೆ ಒಂದು ಕಲ್ಲಿನ ಜಾಗದ ಪ್ರಶ್ನೆ ಎರಡು ರಾಷ್ಟ್ರಗಳ ಸಂಬಂಧದ ತೂಕವನ್ನೇ ಹೊರತೊಡಗಿತು. ಶಾಂತಿ ಇದ್ದೂ ಇಲ್ಲದಂತಿದ್ದ ಆ ನಾಲ್ಕು ವರ್ಷಗಳನ್ನು ಶೀತಲ ಶಾಂತಿ ಎಂದು ಬಣ್ಣಿಸುವುದುಂಟು.

ಪ್ರಶ್ನೆಯನ್ನು ಕಿರಿದುಗೊಳಿಸಿದ್ದು

ಈಜಿಪ್ಟ್ ಮೊದಲಿನಿಂದಲೂ ನ್ಯಾಯಮಂಡಳಿ ಬೇಕೆಂದಿತು, ಇಸ್ರೇಲ್ ಸಂಧಾನ ಸಾಕೆಂದಿತು. ಎರಡರ ನಡುವಿನ ಅಂತರವನ್ನು ಬಿಡಿಸಿ ನೋಡಬೇಕು. ಸಂಧಾನದಲ್ಲಿ ಕೊಡುಕೊಳ್ಳುವಿಕೆಗೆ ಅವಕಾಶವಿದೆ, ಅರ್ಧ ನಿನಗೆ ಅರ್ಧ ನನಗೆ ಎಂದು ಮುಗಿಸಬಹುದು. ನ್ಯಾಯಮಂಡಳಿಯ ತೀರ್ಪು ಹಾಗಲ್ಲ, ಬಂದ ಮೇಲೆ ಇಬ್ಬರನ್ನೂ ಕಟ್ಟಿಹಾಕುತ್ತದೆ. ಸಿನಾಯ್‌ನ ಪ್ರತಿ ಅಂಗುಲವನ್ನೂ ಮರಳಿ ಪಡೆದೆವೆಂದು ಜನರಿಗೆ ಹೇಳಿದ್ದ, ಸಾದತ್ ನಂತರ ಅಧ್ಯಕ್ಷರಾದ ಮುಬಾರಕ್ ಅವರ ಸರ್ಕಾರಕ್ಕೆ ಅರ್ಧ ತಾಬಾವನ್ನು ಒಪ್ಪಿಕೊಳ್ಳುವ ಸ್ಥಿತಿ ಇರಲಿಲ್ಲ. ಇಸ್ರೇಲಿನೊಳಗೂ ಈ ವಿಷಯದಲ್ಲಿ ಒಡಕಿತ್ತು. 1984ರ ಚುನಾವಣೆಯ ನಂತರ ಲೇಬರ್ ಮತ್ತು ಲಿಕುಡ್ ಪಕ್ಷಗಳು ಕೂಡಿ ನಡೆಸುತ್ತಿದ್ದ ಸರ್ಕಾರದಲ್ಲಿ ಪ್ರಧಾನಿ ಶಿಮೋನ್ ಪೆರೆಸ್ ನ್ಯಾಯಮಂಡಳಿಯ ಕಡೆ ವಾಲಿದ್ದರೆ, ವಿದೇಶಾಂಗ ಸಚಿವ ಇಟ್ಸಾಕ್ ಶಮೀರ್ ಸಂಧಾನಕ್ಕೆ ಅಂಟಿಕೊಂಡಿದ್ದರು. 1986ರ ಅಕ್ಟೋಬರ್‌ನಲ್ಲಿ ಇಬ್ಬರೂ ಹುದ್ದೆ ಅದಲುಬದಲು ಮಾಡಿಕೊಳ್ಳಬೇಕಿತ್ತು. ಪೆರೆಸ್‌ಗೆ ಉಳಿದಿದ್ದ ಅವಧಿ ಕಡಿಮೆ ಎಂಬುದು ಕೈರೋಗೂ ತಿಳಿದಿತ್ತು.

1985ರ ಅಕ್ಟೋಬರ್‌ನಲ್ಲಿ ಸಿನಾಯ್‌ನ ರಾಸ್ ಬುರ್ಕಾದಲ್ಲಿ ಈಜಿಪ್ಟಿನ ಯೋಧನೊಬ್ಬ ಇಸ್ರೇಲಿ ಪ್ರವಾಸಿಗರ ಮೇಲೆ ಗುಂಡು ಹಾರಿಸಿ ಏಳು ಜನರನ್ನು ಕೊಂದ. ಅವರಲ್ಲಿ ಮಕ್ಕಳೂ ಇದ್ದರು. ಅಂಥ ಹೊತ್ತಿನಲ್ಲಿ ಮಾತುಕತೆಯ ಮೇಜಿಗೆ ಮರಳುವುದಕ್ಕೆ ಎರಡೂ ಕಡೆ ಬೇಕಾದ ಎದೆಗಾರಿಕೆಯನ್ನು ದೂರದಲ್ಲಿ ಕೂತವರು ಹಗುರವಾಗಿ ಕಾಣಬಾರದು. ಮೂರು ತಿಂಗಳ ನಂತರ, 1986ರ ಜನವರಿಯಲ್ಲಿ, ರಾತ್ರಿಯಿಡೀ ನಡೆದ ಸಭೆಯ ಬಳಿಕ ಇಸ್ರೇಲಿನ ಒಳಸಂಪುಟವು ಷರತ್ತುಗಳೊಂದಿಗೆ ನ್ಯಾಯಮಂಡಳಿಗೆ ಒಪ್ಪಿತು. ಶಮೀರ್ ಅವರ ಪಕ್ಷವಾದ ಲಿಕುಡ್‌ನ ಮಾತು ಉಳಿಸುವುದಕ್ಕಾಗಿ ನ್ಯಾಯಮಂಡಳಿಯ ಒಳಗೇ ಒಂದು ಸಂಧಾನದ ಹಂತವನ್ನು ಸೇರಿಸಲಾಯಿತು. ಅದರ ಪ್ರಕಾರ ಐವರಲ್ಲಿ ಮೂವರು, ಅಂದರೆ ಈಜಿಪ್ಟಿನವರೊಬ್ಬರು, ಇಸ್ರೇಲಿನವರೊಬ್ಬರು ಮತ್ತು ಹೊರಗಿನವರೊಬ್ಬರು, ವಿಚಾರಣೆಯ ನಡುವೆಯೇ ರಾಜಿಗೆ ದಾರಿಯಿದೆಯೇ ಎಂದು ನೋಡಬೇಕು. ಆ ರಾಜಿ ಕೊನೆಗೂ ಕೂಡಲಿಲ್ಲ, ಆದರೆ ಆ ಹಂತ ಇಲ್ಲದಿದ್ದರೆ ಪ್ರಕರಣ ನ್ಯಾಯಮಂಡಳಿ ಕೂತ ಜಿನೀವಾ ತಲುಪುತ್ತಲೇ ಇರಲಿಲ್ಲ.

ಪ್ರಕರಣವನ್ನು ನ್ಯಾಯಮಂಡಳಿಗೆ ಒಪ್ಪಿಸುವ ಕರಾರಿಗೆ 1986ರ ಸೆಪ್ಟೆಂಬರ್ 11ರಂದು ಕೈರೋ ಅಂಚಿನ ಗೀಜಾದ ಮೆನಾ ಹೌಸ್ ಹೋಟೆಲಿನಲ್ಲಿ ಸಹಿಯಾಯಿತು. ಅದೇ ಹೊತ್ತಿಗೆ ಪೆರೆಸ್ ಮತ್ತು ಮುಬಾರಕ್ ಅಲೆಕ್ಸಾಂಡ್ರಿಯಾದಲ್ಲಿ ಭೇಟಿಯಾದರು, ಈಜಿಪ್ಟಿನ ರಾಯಭಾರಿ ಟೆಲ್ ಅವೀವ್‌ಗೆ ಮರಳುವುದೂ ನಿಶ್ಚಯವಾಯಿತು. ಗಮನಿಸಿ, ತೀರ್ಪು ಇನ್ನೂ ಎರಡು ವರ್ಷ ದೂರವಿತ್ತು. ವಿವಾದ ಮುಗಿಯುವ ಮೊದಲೇ, ಅದು ಮುಗಿಯುವ ದಾರಿಯೊಂದು ಗೊತ್ತಾದ ಮಾತ್ರಕ್ಕೆ ಸಂಬಂಧ ಸುಧಾರಿಸತೊಡಗಿತ್ತು.

ಆ ಕರಾರಿನ ತಿರುಳು ಅದರ ಪ್ರಶ್ನೆಯಲ್ಲಿದೆ. ತಾಬಾ ಯಾರದು ಎಂದು ಅದು ಕೇಳಲಿಲ್ಲ. ಯಾರು ನ್ಯಾಯವಂತರು, ಯಾರು ಮೊದಲು ಬಂದವರು, 1967ರಲ್ಲಿ ಯಾರ ತಪ್ಪು ಎಂದೂ ಕೇಳಲಿಲ್ಲ. ಈಜಿಪ್ಟ್ ಮತ್ತು ಹಿಂದಿನ ಮ್ಯಾಂಡೇಟ್ ಪ್ಯಾಲೆಸ್ಟೀನ್ ನಡುವಿನ ಮಾನ್ಯ ಗಡಿಯ ಕಲ್ಲುಗಳು ಎಲ್ಲಿದ್ದವು ಎಂದಷ್ಟೇ ಕೇಳಿತು. ಅದಕ್ಕೂ ಮಿಗಿಲಾಗಿ, ಎರಡೂ ಪಕ್ಷಗಳು ತೋರಿಸಿದ ಜಾಗಗಳನ್ನು ಬಿಟ್ಟು ಮೂರನೆಯ ಜಾಗವನ್ನು ಸೂಚಿಸುವ ಅಧಿಕಾರ ಮಂಡಳಿಗೆ ಇರಲಿಲ್ಲ. ನಡುವೆ ಎಲ್ಲೋ ಒಂದು ಗೆರೆ ಎಳೆದು ಇಬ್ಬರನ್ನೂ ಸಮಾಧಾನಪಡಿಸುವ ಅವಕಾಶವನ್ನೇ ಕರಾರು ಕಿತ್ತುಹಾಕಿತ್ತು. ನಮ್ಮ ಹಳ್ಳಿಗಳಲ್ಲಿ ಹೊಲದ ಬದುವಿನ ಜಗಳಕ್ಕೆ ಕೂತ ಪಂಚಾಯ್ತಿ ಮೊದಲು ಮಾಡುವುದೂ ಇದನ್ನೇ ಅಲ್ಲವೇ? ಅಣ್ಣತಮ್ಮಂದಿರ ಹಳೆಯ ದ್ವೇಷವನ್ನೆಲ್ಲ ಬದಿಗಿರಿಸಿ, ಬಾಂದುಕಲ್ಲು ಎಲ್ಲಿತ್ತು ತೋರಿಸಿ ಎನ್ನುತ್ತದೆ.

ಜಿನೀವಾದಲ್ಲಿ

ಮಂಡಳಿಯಲ್ಲಿ ಐವರಿದ್ದರು. ಸ್ವೀಡನ್ನಿನ ಗುನ್ನಾರ್ ಲಾಗರ್‌ಗ್ರೆನ್ ಅಧ್ಯಕ್ಷರು. ಫ್ರಾನ್ಸಿನ ಪಿಯೇರ್ ಬೆಲ್ಲೆ, ಸ್ವಿಟ್ಜರ್ಲೆಂಡಿನ ಡೀಟ್ರಿಚ್ ಶಿಂಡ್ಲರ್, ಈಜಿಪ್ಟಿನ ಹಾಮಿದ್ ಸುಲ್ತಾನ್, ಇಸ್ರೇಲಿನ ರೂತ್ ಲಾಪಿಡೋತ್ ಉಳಿದವರು. ಈಜಿಪ್ಟಿನ ಪರವಾಗಿ ನಬೀಲ್ ಎಲ್ ಅರಬಿ, ಇಸ್ರೇಲಿನ ಪರವಾಗಿ ರಾಬಿ ಸೇಬಲ್ ಪ್ರತಿನಿಧಿಗಳಾಗಿದ್ದರು. ಎಲ್ ಅರಬಿ ಮುಂದೆ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರೂ ಅರಬ್ ಲೀಗ್‌ನ ಮಹಾ ಕಾರ್ಯದರ್ಶಿಯೂ ಆದರು. ಈಜಿಪ್ಟಿನ ತಂಡದಲ್ಲಿ ವಕೀಲರ ಜೊತೆಗೆ ಇತಿಹಾಸಕಾರ ಯೂನಾನ್ ಲಬೀಬ್ ರಿಜ್ಕ್ ಅವರಂಥ ವಿದ್ವಾಂಸರೂ ಭೂಗೋಳ ತಜ್ಞರೂ ಇದ್ದದ್ದು ಮುಖ್ಯ ಸಂಗತಿ. ಹಳೆಯ ಕಡತ, ನಕ್ಷೆ, ಛಾಯಾಚಿತ್ರಗಳಿಂದ ಕಟ್ಟಬೇಕಾಗಿದ್ದ ಪ್ರಕರಣ ಅದು. ಪಾರ್ಕರನ ಕಲ್ಲಿನ ಹಳೆಯ ಛಾಯಾಚಿತ್ರಗಳು ಮಂಡಳಿಯ ಮುಂದೆ ಬಂದವು. ಲಿಖಿತ ವಾದಗಳ ನಂತರ 1988ರಲ್ಲಿ ಮಂಡಳಿ ಖುದ್ದಾಗಿ ಗಡಿಪ್ರದೇಶಕ್ಕೆ ಹೋಗಿ ನೋಡಿತು, ವಸಂತಕಾಲದಲ್ಲಿ ಜಿನೀವಾದಲ್ಲಿ ಮೌಖಿಕ ವಿಚಾರಣೆ ನಡೆಯಿತು. ಅಷ್ಟರಲ್ಲಿ ಗಾಜಾ ಮತ್ತು ಪಶ್ಚಿಮ ದಂಡೆಯಲ್ಲಿ ಮೊದಲ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ದಂಗೆ, ಭುಗಿಲೆದ್ದಿತ್ತು. ಆದರೂ ಯಾವ ಕಡೆಯೂ ಮಂಡಳಿಯನ್ನು ಬಿಟ್ಟು ಎದ್ದು ಹೋಗಲಿಲ್ಲ.

ತೊಂಬತ್ತೊಂದನೇ ಕಲ್ಲಿಗೆ ಈಜಿಪ್ಟ್ ತೋರಿಸಿದ ಜಾಗ ಗುಡ್ಡದಂಚಿನಲ್ಲಿ ಪಾರ್ಕರನ ಕಲ್ಲು ನಿಂತಿದ್ದ ನೆಲೆ. ಇಸ್ರೇಲ್ ಎರಡು ಪರ್ಯಾಯಗಳನ್ನು ಮುಂದಿಟ್ಟಿತು. ಒಂದು ಗ್ರಾನೈಟ್ ದಿಬ್ಬ, ಇನ್ನೊಂದು ಬೀರ್ ತಾಬಾ ಬಾವಿಯ ಬಳಿ. ಯಾವುದನ್ನು ಒಪ್ಪಿದರೂ ಹೋಟೆಲ್ ಇಸ್ರೇಲಿನ ಪಾಲಿಗೆ ಬೀಳುತ್ತಿತ್ತು. ಇಸ್ರೇಲಿನ ವಾದ ಹುರುಳಿಲ್ಲದ್ದೇನೂ ಆಗಿರಲಿಲ್ಲ. 1906ರ ಒಪ್ಪಂದದ ಪ್ರಕಾರ ಒಂದು ಕಲ್ಲಿನಿಂದ ಮುಂದಿನ ಕಲ್ಲು ಕಾಣಬೇಕು, ಆದರೆ ಪಾರ್ಕರನ ಕಲ್ಲಿನ ಜಾಗದಿಂದ ತೊಂಬತ್ತನೇ ಕಲ್ಲು ಕಾಣುವುದಿಲ್ಲ. ಹಾಗಾದರೆ ಅದು ಒಪ್ಪಂದದ ಕಲ್ಲೇ ಅಲ್ಲ, ತಪ್ಪಾಗಿ ನೆಟ್ಟದ್ದು ಎಂಬುದು ಅವರ ನಿಲುವು.

1988ರ ಸೆಪ್ಟೆಂಬರ್ 29ರಂದು ಬಂದ ತೀರ್ಪು ಈ ವಾದವನ್ನು ಎದುರಿಸಿದ ಬಗೆ ನನಗೆ ಬಹಳ ಹಿಡಿಸಿದ್ದು. ಕಲ್ಲು ಒಪ್ಪಂದದ ಅಕ್ಷರಕ್ಕೆ ಹೊಂದುತ್ತದೋ ಇಲ್ಲವೋ ಎಂಬುದಕ್ಕಿಂತ, 1923ರಿಂದ 1948ರವರೆಗಿನ ಮ್ಯಾಂಡೇಟ್ ಕಾಲದಲ್ಲಿ ಯಾವ ಕಲ್ಲನ್ನು ಗಡಿಯೆಂದು ಎರಡೂ ಕಡೆಯವರು ಒಪ್ಪಿ ನಡೆದರು ಎಂಬುದು ನಿರ್ಣಾಯಕ ಎಂದಿತು ಮಂಡಳಿ. ಐವತ್ತು ವರ್ಷಕ್ಕೂ ಮೀರಿ ಸಂಬಂಧಪಟ್ಟ ರಾಜ್ಯಗಳು ಒಂದು ಗುರುತನ್ನು ಗಡಿಕಲ್ಲೆಂದು ಭಾವಿಸಿ ಅದರಂತೆ ನಡೆದುಕೊಂಡಿದ್ದರೆ, ಮೊದಲಲ್ಲೇ ತಪ್ಪಾಗಿತ್ತೆಂದು ಹೇಳಿ ಈಗ ಅದನ್ನು ಅಲುಗಾಡಿಸುವಂತಿಲ್ಲ ಎಂಬುದು ಅದರ ತರ್ಕ. ನಾಲ್ಕು–ಒಂದರ ಬಹುಮತದಿಂದ ತಾಬಾದಲ್ಲಿ ಈಜಿಪ್ಟಿನ ಜಾಗವೇ ಉಳಿಯಿತು. ಲಾಪಿಡೋತ್ ಒಪ್ಪದೆ ತಮ್ಮ ಭಿನ್ನಮತವನ್ನು ವಿಸ್ತಾರವಾಗಿ ಬರೆದರು. ಉಳಿದ ಕಲ್ಲುಗಳಲ್ಲಿ ಕೆಲವು ಇಸ್ರೇಲ್ ಹೇಳಿದ ಜಾಗದಲ್ಲೇ ನಿಂತವು. ತಾಬಾದ ಸದ್ದಿನಲ್ಲಿ ಅದನ್ನು ಹೆಚ್ಚಿನವರು ಗಮನಿಸಲಿಲ್ಲ.

ಕಲ್ಲಿನಿಂದ ನೀರಿಗೆ

ತೀರ್ಪು ಬಂದರೂ ಒಂದು ಎಳೆ ಉಳಿಯಿತು. ಕಲ್ಲುಗಳ ಜಾಗವನ್ನು ಹೇಳುವುದಷ್ಟೇ ತನಗೆ ವಹಿಸಿದ ಕೆಲಸವೆಂದು ಮಂಡಳಿ, ತೊಂಬತ್ತೊಂದನೇ ಕಲ್ಲಿನಿಂದ ಕಡಲತಡಿಯವರೆಗಿನ ಗೆರೆಯನ್ನು ಎಳೆಯಲು ನಿರಾಕರಿಸಿತ್ತು. ಕಲ್ಲು ಗುಡ್ಡದ ಮೇಲೆ, ನೀರು ಕೆಳಗೆ, ನಡುವಿನ ಕೆಲವು ಹೆಜ್ಜೆಗಳಲ್ಲಿ ಯಾವ ದಿಕ್ಕಿಗೆ ಗೆರೆ ತಿರುಗಿದರೆ ಯಾರಿಗೆ ಎಷ್ಟು ಮರಳು ಎಂಬ ಜಗಳ ಮತ್ತೆ ಹುಟ್ಟಿತು. ಕಿರಿದಾದ ಪ್ರಶ್ನೆಯ ಬಲವೇ ಇಲ್ಲಿ ಅದರ ದೌರ್ಬಲ್ಯವೂ ಆಯಿತೆಂದು ಒಪ್ಪಬೇಕು. ಅಮೆರಿಕದ ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರ ಏಬ್ರಹಾಂ ಸೋಫೇರ್ ನಡುವೆ ಓಡಾಡಿ, 1989ರ ಫೆಬ್ರುವರಿ 26ರಂದು ಕೊನೆಯ ಒಪ್ಪಂದಗಳಾದವು. ಹೋಟೆಲನ್ನು ಈಜಿಪ್ಟ್ ಪರಿಹಾರ ಕೊಟ್ಟು ಕೊಂಡುಕೊಂಡಿತು. ಇಸ್ರೇಲಿಗರು ತಾಬಾ ಮತ್ತು ದಕ್ಷಿಣ ಸಿನಾಯ್ ದಂಡೆಗೆ ವೀಸಾ ಇಲ್ಲದೆ, ಗಡಿಯಲ್ಲಿ ಮುದ್ರೆ ಒತ್ತಿಸಿಕೊಂಡು ಅಲ್ಪಾವಧಿಗೆ ಬಂದುಹೋಗುವ ಅವಕಾಶವಾಯಿತು. ಮಂಡಳಿಗೆ ಮಾಡಲು ಅನುಮತಿ ಇಲ್ಲದಿದ್ದ ಕೊಡುಕೊಳ್ಳುವಿಕೆ ತೀರ್ಪಿನ ನಂತರ ಈ ರೂಪದಲ್ಲಿ ನಡೆಯಿತು, ಹಕ್ಕಿನ ಪ್ರಶ್ನೆ ತೀರಿದ್ದರಿಂದ ಅನುಕೂಲದ ಮಾತು ಸುಲಭವಾಗಿತ್ತು. ಮಾರ್ಚ್ 15ರಂದು ಹಸ್ತಾಂತರವಾಯಿತು, 19ರಂದು ಮುಬಾರಕ್ ಅಲ್ಲಿ ಧ್ವಜ ಏರಿಸಿದರು. ಶಾಂತಿ ಒಪ್ಪಂದದ ಕಾರಣಕ್ಕೆ 1979ರಲ್ಲಿ ಅರಬ್ ಲೀಗ್‌ನಿಂದ ಹೊರಗಾಗಿದ್ದ ಈಜಿಪ್ಟ್ ಅದೇ ಮೇ ತಿಂಗಳಲ್ಲಿ ಮರಳಿ ಸೇರಿತು.

ಸೋತ ಇಸ್ರೇಲ್ ಸರ್ಕಾರ ತೀರ್ಪನ್ನು ಪಾಲಿಸಿತು ಎಂಬುದನ್ನು ಒತ್ತಿ ಹೇಳಬೇಕು. ಹಸ್ತಾಂತರದ ವೇಳೆಗೆ ಪ್ರಧಾನಿಯಾಗಿದ್ದವರು ಒಂದು ಕಾಲದಲ್ಲಿ ನ್ಯಾಯಮಂಡಳಿಯೇ ಬೇಡವೆಂದಿದ್ದ ಶಮೀರ್. ಕೈಯಾರೆ ನೆಲ ಬಿಟ್ಟುಕೊಟ್ಟ ಆರೋಪ ಹೊರುವುದಕ್ಕಿಂತ, ತೀರ್ಪು ಹೀಗೆ ಬಂತು ಎಂದು ಜನರ ಮುಂದೆ ನಿಲ್ಲುವುದು ಯಾವ ನಾಯಕನಿಗೂ ಸುಲಭ. ಪೆರೆಸ್‌ಗೆ ಬೇಕಿದ್ದ ಈ ಆಸರೆ ಕೊನೆಗೆ ಒದಗಿದ್ದು ಅವರ ಎದುರಾಳಿಗೆ.

ಈ ಮಾದರಿಯನ್ನು ಎಲ್ಲ ಕಡೆ ಅನ್ವಯಿಸಬಹುದೆಂದು ಹೇಳುವ ಧೈರ್ಯ ನನಗಿಲ್ಲ. ತಾಬಾದಲ್ಲಿ ಗಡಿ ಯಾವುದೆಂಬ ತತ್ತ್ವ 1979ರಲ್ಲೇ ತೀರ್ಮಾನವಾಗಿತ್ತು, ಕಲ್ಲಿನ ಜಾಗ ಮಾತ್ರ ಉಳಿದಿತ್ತು. ಅಲ್ಲಿ ನೆಲೆಸಿ ಬೇರು ಬಿಟ್ಟ ಊರಿರಲಿಲ್ಲ, ಪವಿತ್ರ ಕ್ಷೇತ್ರವಿರಲಿಲ್ಲ, ಮರಳಿ ಬರಲು ಕಾದಿದ್ದ ನಿರಾಶ್ರಿತರಿರಲಿಲ್ಲ. ಇಸ್ರೇಲಿಗರು ಮತ್ತು ಪ್ಯಾಲೆಸ್ಟೀನಿಯರ ನಡುವೆ ಇಂಥ ಒಪ್ಪಿತ ಆಧಾರವೇ ಇಲ್ಲ. ಈ ವ್ಯತ್ಯಾಸ ತಾಬಾದಲ್ಲೇ ಕಣ್ಣಿಗೆ ಕಾಣುವಂತಾಯಿತು. 1995ರ ಸೆಪ್ಟೆಂಬರ್‌ನಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ ಎರಡನೇ ಓಸ್ಲೋ ಒಪ್ಪಂದದ ಕೊನೆಯ ಮಾತುಕತೆಗಳು ನಡೆದದ್ದು ಈ ಊರಿನಲ್ಲೇ. 2001ರ ಜನವರಿ 21ರಂದು, ಹಿಂದೆ ವಿವಾದಕ್ಕೆ ಕಾರಣವಾಗಿದ್ದ ಅದೇ ಹೋಟೆಲಿನಲ್ಲಿ, ಶ್ಲೋಮೋ ಬೆನ್ ಅಮಿ ಮತ್ತು ಯೊಸ್ಸಿ ಬೈಲಿನ್ ಸೇರಿದ ಇಸ್ರೇಲಿ ತಂಡವೂ ಅಹ್ಮದ್ ಕುರೇ ಮತ್ತು ಸಾಯಿಬ್ ಎರೆಕಾತ್ ಸೇರಿದ ಪ್ಯಾಲೆಸ್ಟೀನಿ ತಂಡವೂ ಜೆರುಸಲೇಂ, ನಿರಾಶ್ರಿತರು, ಗಡಿ, ಭದ್ರತೆಗಳ ಬಗ್ಗೆ ಮಾತಿಗೆ ಕೂತವು. ಮೇಜಿನ ಮೇಲೆ ನಕ್ಷೆಗಳಿದ್ದವು. ಎರಡೂ ಪಕ್ಷಗಳು ಒಪ್ಪಂದಕ್ಕೆ ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ ಎಂಬ ಜಂಟಿ ಹೇಳಿಕೆಯೊಂದಿಗೆ 27ರಂದು ಮಾತುಕತೆ ನಿಂತಿತು. ಫೆಬ್ರುವರಿ 6ರ ಚುನಾವಣೆಯಲ್ಲಿ ಇಸ್ರೇಲಿನ ಪ್ರಧಾನಿ ಎಹುದ್ ಬರಾಕ್ ಸೋತರು, ಹೊಸ ಸರ್ಕಾರ ಆ ಮಾತನ್ನು ಮುಂದುವರಿಸಲಿಲ್ಲ.